ಫೋನಿನ ಗಂಟೆ ಎಣಿಸುವವರಿಗೆ

ಕಳೆದ ಮಳೆಗಾಲದಲ್ಲಿ ಬಿಬವೇವಾಡಿಯ ನಮ್ಮ ಹುಡುಗರ ಕೋಣೆಗೆ ಕಾಲೇಜಿನಿಂದ ಒಬ್ಬ ವಿದ್ಯಾರ್ಥಿನಿ ಬಂದಳು. ಅಪ್ಪರ್ ಇಂದಿರಾನಗರದ ಕಡೆಯ ಓಣಿಯೊಂದರಲ್ಲಿ, ತಗಡಿನ ಮಾಡಿನ ಕೆಳಗೆ, ಒಂಬತ್ತು ಮಂದಿ ಹೋಟೆಲ್ ಕೆಲಸಗಾರರು ಮಲಗುವ ಕೋಣೆ ಅದು. ಕುಂದಾಪುರ, ಬೈಂದೂರು ಕಡೆಯವರು ಐವರು. ಇಂಡಿ, ಸಿಂದಗಿ ಕಡೆಯವರು ನಾಲ್ವರು. ಮಧ್ಯಾಹ್ನದ ಬಿಡುವಿನ ಹೊತ್ತು. ಒಬ್ಬ ಬಟ್ಟೆ ಒಗೆಯುತ್ತಿದ್ದ, ಇಬ್ಬರು ಮಲಗಿದ್ದರು, ಉಳಿದವರ ಕೈಯಲ್ಲೆಲ್ಲ ಫೋನು. ಆ ವಿದ್ಯಾರ್ಥಿನಿ ಅಚ್ಚು ಮಾಡಿದ ಹಾಳೆಯೊಂದನ್ನು ತೆಗೆದು ಮರಾಠಿಯಲ್ಲಿ ಕೇಳತೊಡಗಿದಳು: ದಿನಕ್ಕೆ ಎಷ್ಟು ಗಂಟೆ ವಾಟ್ಸಾಪ್, ಎಷ್ಟು ಗಂಟೆ ಇನ್‌ಸ್ಟಾಗ್ರಾಮ್, ಎಷ್ಟು ಗಂಟೆ ಯೂಟ್ಯೂಬ್?

ಬೈಂದೂರಿನ ಹುಡುಗ ನನ್ನ ಮುಖ ನೋಡಿ "ಒಂದು ಗಂಟೆ" ಎಂದ. ಸಂಘದವನ ಎದುರು ಜಾಸ್ತಿ ಹೇಳಿದರೆ ಬೈಸಿಕೊಳ್ಳಬೇಕಾದೀತೆಂದು ಅವನ ಲೆಕ್ಕ. ಇನ್ನೊಬ್ಬ ಜೊತೆಯವರನ್ನು ನಗಿಸಲು "ಹದಿನೆಂಟು" ಎಂದ. ಪಾತ್ರೆ ತೊಳೆಯುವ ಇಂಡಿ ತಾಲೂಕಿನ ಹುಡುಗ ಮಾತ್ರ ಬಹಳ ಹೊತ್ತು ಯೋಚಿಸಿ, "ಅವ್ವನ ಕೂಡ ಮಾತಾಡೂದನ್ನೂ ಇದರಾಗ ಹಿಡೀಬೇಕೇನ್ರೀ ಅಕ್ಕಾರ?" ಎಂದು ಕನ್ನಡದಲ್ಲೇ ಕೇಳಿದ. ನಾನು ಮರಾಠಿಗೆ ತಿರುಗಿಸಿ ಹೇಳಿದೆ. ಅವಳ ಹಾಳೆಯಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಪಾಪ, ಅದು ಅವಳ ತಪ್ಪೂ ಅಲ್ಲ. ಪೆನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ಕೂತಳು.

ಇದನ್ನು ಇಲ್ಲಿ ಬರೆಯಲು ಕಾರಣವಿದೆ. ಅದೇ ತಿಂಗಳು, ಆ ಹುಡುಗರಲ್ಲಿ ಕೆಲವರು ದುಡಿಯುವ ಹೋಟೆಲಿನ ಧಣಿ ಗಲ್ಲೆಯ ಕೆಳಗೆ ಒಂದು ತಗಡಿನ ಪೆಟ್ಟಿಗೆ ಇಟ್ಟರು. ಬೆಳಿಗ್ಗೆ 6ಕ್ಕೆ ಎಲ್ಲರೂ ಫೋನು ಅದರೊಳಗೆ ಹಾಕಬೇಕು, ರಾತ್ರಿ 11ಕ್ಕೆ ವಾಪಸು. ಯಾಕೆ ಎಂದರೆ, ಸಪ್ಲಾಯರ್ ಒಬ್ಬನ ಫೋನು ಅವರ ಕೈಗೆ ಸಿಕ್ಕಿತ್ತು. ಅದರಲ್ಲಿ ದಿನದ ಲೆಕ್ಕ ತೋರಿಸುವ ಜಾಗದಲ್ಲಿ 5 ಗಂಟೆ 40 ನಿಮಿಷ ಎಂದಿತ್ತು. "ನೋಡಿ, ನಾನು ಸಂಬಳ ಕೊಡುವುದು ಇದಕ್ಕಾ?" ಎಂದು ಧಣಿಯ ಪ್ರಶ್ನೆ. ಕಾಲೇಜಿನವಳ ಹಾಳೆ, ಧಣಿಯ ಪೆಟ್ಟಿಗೆ, ಎರಡಕ್ಕೂ ಬುನಾದಿ ಒಂದೇ. ಮನುಷ್ಯ ಜಾಲತಾಣವನ್ನು ಎಷ್ಟು ಹಚ್ಚಿಕೊಂಡಿದ್ದಾನೆಂದು ಗಂಟೆಯಲ್ಲಿ ಅಳೆದು ಹೇಳಬಹುದು ಎಂಬ ನಂಬಿಕೆ. ನಾನು ಏಳನೇ ತರಗತಿಯವರೆಗೆ ಮಾತ್ರ ಓದಿದವನು. ಆದರೂ ಈ ಅಳತೆಯ ವಿಷಯವನ್ನು ಸ್ವಲ್ಪ ಕೆದಕಿ ನೋಡಿದೆ. ಆ ವಿದ್ಯಾರ್ಥಿನಿಯೂ ಎರಡು ಸಲ ಬಂದು, ತಾನು ಓದಿದ್ದನ್ನು ನನಗೆ ಅರ್ಥವಾಗುವ ಹಾಗೆ ಹೇಳಿಕೊಟ್ಟಳು.

ಮೊದಲು ಧಣಿಯ 5 ಗಂಟೆ 40 ನಿಮಿಷವನ್ನೇ ನೋಡೋಣ. ಆ ಸಪ್ಲಾಯರನ ದಿನ ಹೀಗಿದೆ: ಬೆಳಿಗ್ಗೆ 6ರಿಂದ ಮಧ್ಯಾಹ್ನ 3, ಮತ್ತೆ ಸಂಜೆ 6ರಿಂದ ರಾತ್ರಿ 11. ಹದಿನಾಲ್ಕು ಗಂಟೆ ಕಾಲ ಮೇಲೆ ನಿಂತ ಕೆಲಸ. ಉಳಿದ ಹತ್ತು ಗಂಟೆಯಲ್ಲಿ ಸ್ನಾನ, ಬಟ್ಟೆ, ಊಟ, ನಿದ್ದೆ ಎಲ್ಲವೂ. ಕೆಲಸದ ಹೊತ್ತಿನಲ್ಲಿ ಆ ಹುಡುಗ ಫೋನು ನೋಡಿದ್ದೆಷ್ಟು ಎಂದು ಅದೇ ಲೆಕ್ಕವನ್ನು ಬಿಡಿಸಿ ನೋಡಿದೆವು. ಇಪ್ಪತ್ತು ನಿಮಿಷವೂ ಇರಲಿಲ್ಲ. ಮಧ್ಯಾಹ್ನ ಎರಡು ಗಂಟೆಗಿಂತ ಸ್ವಲ್ಪ ಹೆಚ್ಚು. ಉಳಿದದ್ದೆಲ್ಲ ರಾತ್ರಿ ಹನ್ನೊಂದೂವರೆಯ ಮೇಲೆ. ಅಂದರೆ ಧಣಿಯ ಸಮಯ ಹೋದದ್ದು ಅಲ್ಪ, ಹುಡುಗನ ನಿದ್ದೆ ಹೋದದ್ದು ಬಹಳ. ಅದರಲ್ಲೂ ಒಂದು ತಮಾಷೆಯಿದೆ. ಹುಡುಗ ಹಳೆಯ ಸಿನಿಮಾ ಹಾಡು ಹಚ್ಚಿಟ್ಟು ಹಾಗೆಯೇ ನಿದ್ದೆ ಹೋಗುತ್ತಾನೆ. ಫೋನು ಒಂದಾದ ಮೇಲೊಂದು ಹಾಡು ಬಿಡುತ್ತಲೇ ಇರುತ್ತದೆ. ಅವನು ಗೊರಕೆ ಹೊಡೆದದ್ದೂ ಲೆಕ್ಕಕ್ಕೆ ಸೇರಿತು! ಅದೇ ಅವನು ಕಿವಿಗೆ ಫೋನು ಹಚ್ಚಿ ಅಕ್ಕನ ಜೊತೆ ಅರ್ಧ ಗಂಟೆ ಮಾತಾಡಿದರೆ ಪರದೆ ಆರಿರುತ್ತದೆ, ಲೆಕ್ಕಕ್ಕೆ ಬರುವುದಿಲ್ಲ.

ಹಿಂದೆ ಇದಕ್ಕೆಲ್ಲ ಒಂದು ನೇರವಾದ ಅಳತೆಯಿತ್ತು. ನಾನು ಪುಣೆಗೆ ಬಂದ ಹೊಸದರಲ್ಲಿ ಎಸ್.ಟಿ.ಡಿ. ಬೂತಿನ ಗಾಜಿನ ಪೆಟ್ಟಿಗೆಯೊಳಗೆ ನಿಂತು ಊರಿಗೆ ಮಾತಾಡುವಾಗ ತಲೆಯ ಮೇಲೆ ಕೆಂಪು ಅಂಕಿ ಓಡುತ್ತಿತ್ತು. ಅಮ್ಮ "ಊಟ ಆಯ್ತಾ" ಎನ್ನುವಷ್ಟರಲ್ಲಿ ರೂಪಾಯಿ ಹೆಚ್ಚಾಗುತ್ತಿತ್ತು. ತಡರಾತ್ರಿ ದರ ಇಳಿಯುತ್ತದೆಂದು ನಮ್ಮ ಹೋಟೆಲ್ ಹುಡುಗರೆಲ್ಲ ಕೆಲಸ ಬಿಟ್ಟ ಮೇಲೆ ಸಾಲು ನಿಲ್ಲುತ್ತಿದ್ದರು. ಆಗ ಯಾರು ಊರನ್ನು ಎಷ್ಟು ನೆನೆಸುತ್ತಾರೆಂದು ಬೂತಿನವನಿಗೆ ಗೊತ್ತಿತ್ತು, ನಮ್ಮ ಕಿಸೆಗೂ ಗೊತ್ತಿತ್ತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಆ ಕೆಂಪು ಅಂಕಿ ಕಣ್ಣಿಗೆ ಬೀಳದಂತಾಯಿತು. ದುಡ್ಡಿನ ಲೆಕ್ಕ ಹೋಯಿತು, ಹೊತ್ತಿನ ಲೆಕ್ಕವೂ ಅದರ ಹಿಂದೆಯೇ ಹೋಯಿತು.

ಜನ ತಾವೇ ಬಾಯಿಂದ ಹೇಳುವ ಲೆಕ್ಕ ನಂಬುವಂಥದ್ದಲ್ಲ ಎಂಬುದು ನಮ್ಮ ಕೋಣೆಯ ಹುಡುಗರಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ. ಫೇಸ್‌ಬುಕ್ ಕಂಪನಿಯ ಸಂಶೋಧಕರೇ 15 ದೇಶಗಳ ಸುಮಾರು 50,000 ಜನರನ್ನು ಕೇಳಿ, ಅವರು ಹೇಳಿದ್ದನ್ನು ತಮ್ಮ ಯಂತ್ರದ ಲೆಕ್ಕದೊಂದಿಗೆ ತಾಳೆ ನೋಡಿ 2020ರಲ್ಲಿ ವರದಿ ಮಾಡಿದರು. ಜನ ಒಟ್ಟು ಹೊತ್ತನ್ನು ಇದ್ದದ್ದಕ್ಕಿಂತ ಹೆಚ್ಚು ಹೇಳುತ್ತಾರೆ, ಎಷ್ಟು ಸಲ ಒಳಗೆ ಹೋಗಿ ಬಂದೆವೆಂಬುದನ್ನು ಕಡಿಮೆ ಹೇಳುತ್ತಾರೆ ಎಂದು ಕಂಡುಬಂತು. ಇದು ನಿಜವೆಂದು ನನಗೂ ಅನಿಸುತ್ತದೆ. ಎರಡು ದೋಸೆಗಳ ನಡುವೆ ಫೋನು ತೆಗೆದು ನೋಡಿ ಮತ್ತೆ ಕಿಸೆಗೆ ಹಾಕಿದ್ದು ಯಾರಿಗೆ ನೆನಪಿರುತ್ತದೆ? ನಮ್ಮ ಸರಕಾರ 2019ರಲ್ಲೂ 2024ರಲ್ಲೂ ದೇಶದ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ಲೆಕ್ಕ ತೆಗೆಸಿತು. ಬೆಳಗಿನ ಜಾವ 4ರಿಂದ ಮರುದಿನ 4ರವರೆಗೆ, ಅರ್ಧರ್ಧ ಗಂಟೆಯ ಖಾನೆ ಮಾಡಿ ಕೇಳುತ್ತಾರೆ. ನಾಲ್ಕು ಗಂಟೆಗೆ ದಿನ ಶುರುವಾಗುತ್ತದೆಂದು ತಿಳಿದವರು ಆ ಪಟ್ಟಿ ಮಾಡಿರಬೇಕು, ನಮ್ಮ ಇಡ್ಲಿ ಭಟ್ಟರಿಗೆ ಸಂತೋಷವಾದೀತು! ಆದರೆ ಅರ್ಧ ಗಂಟೆಯ ಖಾನೆಯಲ್ಲಿ ಒಂದೊಂದು ನಿಮಿಷದ ಇಣುಕುನೋಟ ಸಿಕ್ಕಿಬೀಳುವುದಿಲ್ಲ. ದೊಡ್ಡ ಜರಡಿಯಲ್ಲಿ ರವೆ ಹಿಡಿದ ಹಾಗೆ.

ಹಾಗಾದರೆ ಕೇಳುವುದನ್ನೇ ಬಿಡಬೇಕೆ? ಬೇಡ. ಕೇಳುವ ಪ್ರಶ್ನೆ ಸರಿಯಿರಬೇಕು. ಹಳ್ಳಿಗಳಲ್ಲಿ ಮಕ್ಕಳ ಓದು ಪರೀಕ್ಷಿಸುವ ಅಸರ್ ವರದಿಯವರು 2024ರಲ್ಲಿ 14ರಿಂದ 16 ವಯಸ್ಸಿನವರನ್ನು ಗಂಟೆ ಕೇಳಲಿಲ್ಲ. ಕಳೆದ ವಾರ ಫೋನಿನಲ್ಲಿ ಓದಿಗೆ ಸಂಬಂಧಿಸಿದ್ದೇನಾದರೂ ಮಾಡಿದೆಯಾ, ಜಾಲತಾಣ ನೋಡಿದೆಯಾ ಎಂದು ಕೇಳಿದರು. ಓದಿಗೆಂದು ಬಳಸಿದವರು ನೂರಕ್ಕೆ 57, ಜಾಲತಾಣಕ್ಕೆಂದು ಬಳಸಿದವರು 76. ಊರಿನಲ್ಲಿ ಮಕ್ಕಳನ್ನು ಬಿಟ್ಟು ಬಂದ ನಮ್ಮ ಅಣ್ಣಂದಿರು ಈ ಎರಡು ಅಂಕಿಗಳನ್ನು ಒಮ್ಮೆ ನೋಡಲಿ. ಹೌದು ಅಥವಾ ಇಲ್ಲ ಎಂದು ಮಗು ನಿಜ ಹೇಳಬಲ್ಲ ಪ್ರಶ್ನೆ ಅದು.

ಇನ್ನು ನನಗೆ ಬಹಳ ಹಿಡಿಸಿದ ಅಳತೆಗೋಲಿನ ಮಾತು. 2007ರಲ್ಲಿ ಅಮೆರಿಕದ ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಎಲಿಸನ್, ಸ್ಟೈನ್‌ಫೀಲ್ಡ್, ಲ್ಯಾಂಪ್ ಎಂಬ ಮೂವರು 286 ಮಂದಿ ಕಾಲೇಜು ವಿದ್ಯಾರ್ಥಿಗಳನ್ನು ಕೇಳಿ ಒಂದು ಅಳತೆ ಪ್ರಕಟಿಸಿದರು. ನಿಮಿಷವನ್ನೂ, ಗೆಳೆಯರ ಸಂಖ್ಯೆಯನ್ನೂ ಅವರು ಕೇಳಿದರು. ಆದರೆ ಅದಕ್ಕಿಂತ ಹೆಚ್ಚಾಗಿ ಕೇಳಿದ್ದು ಮನಸ್ಸಿನ ಮಾತನ್ನು. ಇದು ನಿನ್ನ ದಿನಚರಿಯೊಳಗೆ ಸೇರಿಹೋಗಿದೆಯೇ, ಸ್ವಲ್ಪ ಕಾಲ ನೋಡದಿದ್ದರೆ ಎಲ್ಲರಿಂದ ದೂರವಾದ ಹಾಗೆ ಆಗುತ್ತದೆಯೇ, ಇದು ಮುಚ್ಚಿಹೋದರೆ ದುಃಖವಾಗುತ್ತದೆಯೇ ಎಂಬಂಥ ಪ್ರಶ್ನೆಗಳು. ಹಾಗೆ ಅಳೆದಾಗ ಕಂಡದ್ದೇನು? ಹೆಚ್ಚು ಹಚ್ಚಿಕೊಂಡವರಲ್ಲಿ ಊರಿನ ಹಳೆಯ ಶಾಲೆಯ ಗೆಳೆಯರೊಂದಿಗಿನ ನಂಟು ಗಟ್ಟಿಯಾಗಿ ಉಳಿದಿತ್ತು. ಮನೆ ಬಿಟ್ಟು ದೂರದ ಕಾಲೇಜಿಗೆ ಬಂದ ಹುಡುಗ ಹುಡುಗಿಯರು ಅವರು. ನಮ್ಮವರು ಕಾಲೇಜಿಗೆ ಬಂದವರಲ್ಲ, ಪಾತ್ರೆ ತೊಳೆಯಲು ಬಂದವರು. ಆದರೆ ಮನೆ ಬಿಟ್ಟು ಬಂದದ್ದಂತೂ ಒಂದೇ.

ಮುಚ್ಚಿದರೆ ದುಃಖವೇ ಎಂಬ ಪ್ರಶ್ನೆಗೆ ನಮ್ಮ ದೇಶದಲ್ಲಿ ನಿಜವಾದ ಪರೀಕ್ಷೆಯೂ ಆಯಿತು. 2020ರ ಜೂನ್ 29ರಂದು ಸರಕಾರ ಟಿಕ್‌ಟಾಕ್ ಮುಚ್ಚಿಸಿತು. ಸಿಂದಗಿ ಕಡೆಯ ಹುಡುಗನೊಬ್ಬ ಅದರಲ್ಲಿ ಕುಣಿದು ಒಂದಿಷ್ಟು ಹೆಸರು ಮಾಡಿದ್ದ. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಜುಲೈ ತಿಂಗಳಲ್ಲೇ ಇನ್‌ಸ್ಟಾಗ್ರಾಮಿನಲ್ಲಿ ರೀಲ್ಸ್ ಬಂತು, ಅಲ್ಲಿ ಕುಣಿಯತೊಡಗಿದ. ಅವನು ಹಚ್ಚಿಕೊಂಡದ್ದು ಕಂಪನಿಯನ್ನಲ್ಲ, ಯಾರೋ ತನ್ನನ್ನು ನೋಡುತ್ತಿದ್ದಾರೆ ಎಂಬುದನ್ನು. ಹೋಟೆಲಿನಲ್ಲಿ ದಿನಕ್ಕೆ ಮುನ್ನೂರು ಜನಕ್ಕೆ ನೀರು ಇಡುವವನ ಮುಖವನ್ನು ಯಾರು ತಲೆಯೆತ್ತಿ ನೋಡುತ್ತಾರೆ?

ಅದೇ ವರ್ಷದ ಲಾಕ್‌ಡೌನ್ ನೆನಪಿದೆಯಲ್ಲ. ಮಾರ್ಚ್ ಕೊನೆಗೆ ಹೋಟೆಲುಗಳೆಲ್ಲ ಬಾಗಿಲು ಹಾಕಿದವು, ನಮ್ಮವರು ಕೋಣೆಗಳಲ್ಲಿ ಸಿಕ್ಕಿಬಿದ್ದರು. ಊರಿಗೆ ಹೋಗಬೇಕಾದರೆ ಕರ್ನಾಟಕದ ಸೇವಾ ಸಿಂಧುವಿನಲ್ಲಿ ಹೆಸರು ಬರೆಸಬೇಕಿತ್ತು. ಆಧಾರಿನ ಚಿತ್ರ ಕಳಿಸಿ, ಹೆಸರು ಸರಿ ಮಾಡಿ, ಎಲ್ಲಿ ಅಕ್ಕಿ ಸಿಗುತ್ತದೆಂದು ಕೇಳಿ ಹೇಳಿ, ಇವೆಲ್ಲ ನಡೆದದ್ದು ವಾಟ್ಸಾಪಿನಲ್ಲೇ. ಆ ದಿನಗಳಲ್ಲಿ ನನ್ನ ಫೋನು ಚಾರ್ಜರಿನಿಂದ ಬಿಟ್ಟದ್ದೇ ಇಲ್ಲ. ಯಾರಾದರೂ ಆಗ ನನ್ನ ಗಂಟೆ ಎಣಿಸಿದ್ದರೆ ಇವನಿಗೆ ಗೀಳು ಹಿಡಿದಿದೆ ಎಂದು ಬರೆದುಕೊಳ್ಳುತ್ತಿದ್ದರು.

ಗೀಳಿಗೂ ಒಂದು ಅಳತೆಯಿದೆ. ನಾರ್ವೆ ದೇಶದ ಬರ್ಗೆನ್‌ನಲ್ಲಿ 2012ರಲ್ಲಿ ಮಾಡಿದ್ದು. ಆರೇ ಪ್ರಶ್ನೆ. ಸದಾ ಅದೇ ಧ್ಯಾನವೇ, ಮೊದಲಿಗಿಂತ ಹೆಚ್ಚು ಹೆಚ್ಚು ಬೇಕೆನಿಸುತ್ತದೆಯೇ, ಕಷ್ಟ ಮರೆಯಲು ನೋಡುತ್ತೀಯಾ, ಕಡಿಮೆ ಮಾಡಲು ಹೋಗಿ ಸೋತಿದ್ದೀಯಾ, ಬೇಡವೆಂದರೆ ಚಡಪಡಿಸುತ್ತೀಯಾ, ಕೆಲಸಕ್ಕೋ ಓದಿಗೋ ಪೆಟ್ಟಾಗಿದೆಯೇ. ಒಳ್ಳೆಯ ಪ್ರಶ್ನೆಗಳೇ. ಆದರೆ ತಾಯಿ ಆಸ್ಪತ್ರೆಯಲ್ಲಿದ್ದಾಗ ಫೋನು ಪೆಟ್ಟಿಗೆಯಲ್ಲಿ ಬೀಗದೊಳಗಿದ್ದರೆ ಯಾರು ಚಡಪಡಿಸುವುದಿಲ್ಲ? ಒಂಬತ್ತು ಮಂದಿಯ ಕೋಣೆಯಲ್ಲಿ ಕಷ್ಟ ಮರೆಯಲು ಫೋನಲ್ಲದೆ ಇನ್ನೇನಿದೆ? ಹಿಂದೆ ಬೀಡಿ ಇತ್ತು, ಮಟ್ಕಾ ಇತ್ತು. ಅಂಕಿ ಹಾಕುವವರು ಪ್ರಶ್ನೆಯ ಪಕ್ಕದಲ್ಲಿ ಮನುಷ್ಯನ ಕೋಣೆಯನ್ನೂ ಬರೆದುಕೊಳ್ಳಬೇಕು.

ಇಷ್ಟು ಹೇಳಿದೆನೆಂದು ಎಲ್ಲ ಸರಿಯಾಗಿದೆ, ಹುಡುಗರು ಬೇಕಾದಷ್ಟು ನೋಡಲಿ ಎಂದು ನಾನು ಹೇಳುತ್ತಿದ್ದೇನೆಂದು ತಿಳಿಯಬೇಡಿ. ರಾತ್ರಿ ಎರಡರವರೆಗೆ ರೀಲ್ಸ್ ನೋಡಿ, ಐದೂವರೆಗೆ ಎದ್ದು, ಕುದಿಯುವ ಸಾಂಬಾರಿನ ಪಾತ್ರೆ ಎತ್ತಲು ಹೋಗಿ ಮುಂಗೈ ಸುಟ್ಟುಕೊಂಡ ಹುಡುಗನನ್ನು ನಾನೇ ಡಾಕ್ಟರರ ಬಳಿಗೆ ಕರೆದುಕೊಂಡು ಹೋಗಿದ್ದೇನೆ. ಫೋನಿನಲ್ಲಿ ರಮ್ಮಿ ಆಡಿ ಎರಡು ತಿಂಗಳ ಸಂಬಳ ಕಳಕೊಂಡವನಿದ್ದಾನೆ. ಮನೆಗೆ ಹಣ ಕಳಿಸಲಾಗದೆ, ಮನೆಯವರ ಫೋನು ಬಂದರೆ ಎತ್ತದೆ, ಅದೇ ಫೋನಿನಲ್ಲಿ ಕುಣಿತ ನೋಡುತ್ತ ಕೂತಿದ್ದ. ಅವನ ಗಂಟೆ ಬಹಳವೇನೂ ಇರಲಿಲ್ಲ, ಆದರೆ ಕೋಣೆಯಲ್ಲಿ ಎಲ್ಲರಿಗಿಂತ ಕೆಟ್ಟ ಸ್ಥಿತಿ ಅವನದೇ ಆಗಿತ್ತು. ಅಂಥವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಲ್ಲೇ ಶಟ್ ಎಂಬ ಹೆಸರಿನ ಚಿಕಿತ್ಸಾಲಯ ತೆರೆದಿದ್ದಾರೆ. ಅಲ್ಲಿಗೆ ಹೋಗಲು ನಾಚಿಕೆಪಡಬೇಕಾದದ್ದಿಲ್ಲ. ಹಲ್ಲು ನೋವಿಗೆ ಹೋಗುವುದಿಲ್ಲವೇ?

ನನ್ನ ತಕರಾರು ಅಳೆಯುವುದರ ಮೇಲಲ್ಲ. ಯಾರು ಅಳೆಯುತ್ತಾರೆ, ಯಾವುದರ ಪಕ್ಕದಲ್ಲಿಟ್ಟು ಅಳೆಯುತ್ತಾರೆ ಎಂಬುದರ ಮೇಲೆ. ಗಿರಣಿಯಲ್ಲಿ ದುಡಿದ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1928ರಲ್ಲಿ ಮುಂಬಯಿಯ ಗಿರಣಿ ಮಾಲಿಕರು ಕೆಲಸ ಹೆಚ್ಚು ದಕ್ಷವಾಗಬೇಕೆಂದು ಲೆಕ್ಕ ಹಾಕಿ, ಎರಡು ಮಗ್ಗ ನೋಡುವವನಿಗೆ ಮೂರು ಮಗ್ಗ ಕೊಡಹೊರಟಾಗ, ಕಾರ್ಮಿಕರು ತಿಂಗಳುಗಟ್ಟಲೆ ಮುಷ್ಕರ ಹೂಡಿದರು. ಆ ಅಳತೆ ಮಾಲಿಕರ ಕೈಯಲ್ಲಿತ್ತು. ಬಿಬವೇವಾಡಿಗೆ ತಾಗಿಕೊಂಡೇ ಇರುವ ಮಾರ್ಕೆಟ್ ಯಾರ್ಡಿನಲ್ಲಿ ಬೇರೆ ತರಹದ ಅಳತೆ ನಡೆಯಿತು. ಬಾಬಾ ಆಢಾವ್ ಅವರ ಮುಂದಾಳುತನದಲ್ಲಿ ಹಮಾಲರು ತಮ್ಮ ಬೆನ್ನ ಮೇಲಿನ ಚೀಲ ನೂರು ಕಿಲೋದಿಂದ ಐವತ್ತಕ್ಕೆ ಇಳಿಯಬೇಕೆಂದು ವರ್ಷಗಟ್ಟಲೆ ಹೋರಾಡಿದರು. ಅಲ್ಲಿ ತೂಕ ಕೇಳಿದ್ದು ಹೊರುವವನು.

ಅದನ್ನೇ ನೆನೆದು ನಾವೂ ಒಂದು ವಾರ ನಮ್ಮದೇ ಲೆಕ್ಕ ಬರೆದೆವು. ಹಳೆಯ ಬಿಲ್ ಪುಸ್ತಕದ ಹಿಂಬದಿಯಲ್ಲಿ ನಾಲ್ಕು ಗೆರೆ ಎಳೆದೆ: ಕೆಲಸ ಎಷ್ಟು ಗಂಟೆ, ನಿದ್ದೆ ಎಷ್ಟು, ಫೋನು ಎಷ್ಟು, ಫೋನಿನಲ್ಲಿ ಯಾರ ಜೊತೆ. ಬರೆಯಲೇಬೇಕೆಂದು ಯಾರಿಗೂ ಒತ್ತಾಯ ಮಾಡಲಿಲ್ಲ, ಯಾರ ಫೋನನ್ನೂ ಕೈಯಿಂದ ತೆಗೆದುಕೊಳ್ಳಲಿಲ್ಲ. ನಾಲ್ಕನೇ ಗೆರೆಯಲ್ಲೇ ಎಲ್ಲ ರುಚಿ ಇದ್ದದ್ದು. ಇಂಡಿಯ ಹುಡುಗ ಮಧ್ಯಾಹ್ನ ಒಂದೂಕಾಲು ಗಂಟೆ ವೀಡಿಯೋ ಕರೆ ಹಚ್ಚಿಡುತ್ತಾನೆ. ಮಾತು ಬಹಳವಿಲ್ಲ. ಅವ್ವ ಅಲ್ಲಿ ರೊಟ್ಟಿ ಬಡಿಯುತ್ತಾಳೆ, ಇವನು ಇಲ್ಲಿ ಅಂಗಿಗೆ ಗುಂಡಿ ಹಾಕುತ್ತಾನೆ, ಫೋನು ಗೋಡೆಗೆ ಒರಗಿಸಿರುತ್ತದೆ. "ಇಷ್ಟೊತ್ತು ಏನು ನೋಡ್ತಿ?" ಎಂದು ಕೇಳಿದೆ. "ಏನೂ ಇಲ್ರೀ ಅಣ್ಣಾ, ರೊಟ್ಟಿ ಸಪ್ಪಳ ಕೇಳಸ್ತದ" ಎಂದ.

ಅದೇ ಗೆರೆಯಲ್ಲಿ ಇನ್ನೊಂದು ಹೆಸರು ಎಲ್ಲರ ಹಾಳೆಯಲ್ಲೂ ಬಂತು: ಧಣಿ. ಹೋಟೆಲಿಗೊಂದು ವಾಟ್ಸಾಪ್ ಗುಂಪಿದೆ. ನಾಳೆ ಐದಕ್ಕೆ ಬನ್ನಿ, ಇಬ್ಬರು ರಜೆ, ಗ್ಯಾಸು ಬಂತಾ, ಯಾರೋ ಗಿರಾಕಿ ಚಟ್ನಿ ಹುಳಿಯೆಂದು ಬರೆದಿದ್ದಾನೆ, ಯಾರು ಇಟ್ಟದ್ದು? ರಾತ್ರಿ 11.40ಕ್ಕೂ ಬರುತ್ತದೆ, ಬೆಳಿಗ್ಗೆ ಐದಕ್ಕೂ ಬರುತ್ತದೆ. ನೋಡಿದ್ದರ ನೀಲಿ ಗುರುತು ಬೀಳದಿದ್ದರೆ ಮರುದಿನ ಬೈಗುಳ. ಇದೂ ಹುಡುಗನ 5 ಗಂಟೆ 40 ನಿಮಿಷದೊಳಗೇ ಸೇರಿಕೊಂಡಿದೆ.

ಹಾಳೆ ಹಿಡಿದು ನಾನೂ ಸಂಘದ ಇಬ್ಬರೂ ಧಣಿಯನ್ನು ಕಂಡೆವು. ಅವರು ಕೆಟ್ಟವರಲ್ಲ, ಮಾಣಿಯಾಗಿ ಬಂದು ಗಲ್ಲೆಯವರೆಗೆ ಏರಿದವರು. "ನಮ್ಮ ಕಾಲದಲ್ಲಿ ತಿಂಗಳಿಗೊಂದು ಕಾಗದ ಬರೀತಿದ್ದೆವು ಮಾರಾಯ. ಬದುಕಲಿಲ್ವಾ?" ಎಂದರು. "ಬದುಕಿದಿರಿ ಧಣಿ. ಆ ಕಾಗದ ಬಂದ ದಿನ ಎಷ್ಟು ಸಲ ಓದುತ್ತಿದ್ದಿರಿ?" ಎಂದೆ. ನಕ್ಕರು. ಮಸಾಲೆ ದೋಸೆ ಕಾವಲಿಯ ಎದುರು, ಕಾದ ಎಣ್ಣೆಯ ಹತ್ತಿರ, ಪರಿವೆಯಿಲ್ಲದೆ ಫೋನು ನೋಡುವುದು ತಪ್ಪೆಂದು ನಾವೂ ಒಪ್ಪಿದೆವು. ಕೆಲಸದ ಹೊತ್ತಿನಲ್ಲಿ ಫೋನು ಪೆಟ್ಟಿಗೆಯಲ್ಲಿರಲಿ. ಆದರೆ ಮೂರರಿಂದ ಆರು ಹುಡುಗರ ಹೊತ್ತು, ಅದರ ಮೇಲೆ ಬೀಗ ಹಾಕುವಂತಿಲ್ಲ. ಊರಿನಿಂದ ತುರ್ತು ಕರೆ ಬಂದರೆ ಗಲ್ಲೆಯ ಫೋನಿಗೆ ಬರಲಿ, ತಡಮಾಡದೆ ಹುಡುಗನನ್ನು ಕರೆಯಬೇಕು. ಇದಕ್ಕೆ ಒಪ್ಪಿದರು.

ಮೊದಲನೇ ಗೆರೆ ತೋರಿಸಿದಾಗ ಮಾತ್ರ ಮುಖ ಗಂಟಾಯಿತು. ಹದಿನಾಲ್ಕು ಗಂಟೆ. ಮಹಾರಾಷ್ಟ್ರದ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ 2017ರಲ್ಲಿ ಆದಾಗ ದಿನಕ್ಕೆ 9 ಗಂಟೆ ಎಂದಿತ್ತು. 2025ರ ಸೆಪ್ಟೆಂಬರಿನಲ್ಲಿ ರಾಜ್ಯದ ಮಂತ್ರಿಮಂಡಲ ಅದನ್ನು 10ಕ್ಕೆ ಏರಿಸಲು ಒಪ್ಪಿಗೆ ಕೊಟ್ಟಾಗ ಕಾರ್ಮಿಕ ಸಂಘಗಳು ವಿರೋಧಿಸಿದವು. ಒಂಬತ್ತೇ ಹಿಡಿಯಿರಿ, ಹತ್ತೇ ಹಿಡಿಯಿರಿ, ಹದಿನಾಲ್ಕು ಎರಡಕ್ಕೂ ಹೊರಗಿನದು. "ಫೋನಿನ ಮಾತಿಗೆ ಬಂದವರು ಇದನ್ನೇಕೆ ತಂದಿರಿ?" ಎಂದು ಧಣಿ ಕೇಳಿದರು. ಎರಡೂ ಒಂದೇ ಹಾಳೆಯಲ್ಲಿವೆ ಎಂದು ತೋರಿಸಿದೆ. ಹಗಲಿನಲ್ಲಿ ತನ್ನದೆಂಬ ಹೊತ್ತು ಸಿಗದ ಹುಡುಗ ಅದನ್ನು ರಾತ್ರಿಯ ನಿದ್ದೆಯಿಂದ ಕಿತ್ತುಕೊಳ್ಳುತ್ತಾನೆ. ಅವನ ಕೈಯಿಂದ ಫೋನು ಕಸಿದರೆ ನಿದ್ದೆ ಒಂದು ಗಂಟೆ ಹೆಚ್ಚಾದೀತು, ಕೆಲಸ ಒಂದು ಗಂಟೆಯೂ ಕಡಿಮೆಯಾಗದು.

ಆ ಮಾತು ಇನ್ನೂ ಮುಗಿದಿಲ್ಲ. ರಾತ್ರಿ ಹತ್ತರ ಮೇಲೆ ಗುಂಪಿನಲ್ಲಿ ಬರೆಯಬಾರದು ಎಂಬುದಕ್ಕೂ ಅವರು ಒಪ್ಪಿಲ್ಲ. ಬೇರೆ ಹೋಟೆಲುಗಳ ನಮ್ಮವರು ಇದೇ ನಾಲ್ಕು ಗೆರೆಯ ಹಾಳೆ ಒಂದು ವಾರ ಬರೆದು ತಂದರೆ ಮುಂದಿನ ಮಾತುಕತೆಗೆ ಬಲ ಬರುತ್ತದೆ. ಹೆಸರು ಬರೆಯಬೇಡಿ, ಹೋಟೆಲಿನ ಹೆಸರೂ ಬೇಡ, ಓಣಿ ಸಾಕು. ಬರೆಯಲು ಬಾರದವರಿಗೆ ಜೊತೆಯವರು ಬರೆದುಕೊಡಲಿ. ನಾನೂ ಒಂದು ಹಾಳೆ ಬರೆದಿದ್ದೇನೆ. ಮೂರನೇ ಗೆರೆಯಲ್ಲಿ ನನ್ನ ಅಂಕಿ ಕೋಣೆಯ ಒಂಬತ್ತು ಹುಡುಗರಿಗಿಂತಲೂ ಹೆಚ್ಚು ಬಂತು. ಹೆಚ್ಚಿನದೆಲ್ಲ ಸಂಘದ ಕೆಲಸವೆಂದು ಮನೆಯವಳಿಗೆ ಹೇಳಿದೆ. ಅವಳು ನಾಲ್ಕನೇ ಗೆರೆ ತೋರಿಸು ಎಂದಳು.

ಪೆಟ್ಟಿಗೆ ಈಗಲೂ ಗಲ್ಲೆಯ ಕೆಳಗೇ ಇದೆ. ಮಧ್ಯಾಹ್ನ ಮೂರಕ್ಕೆ ಬೀಗ ತೆಗೆಯುತ್ತಾರೆ.